ಪರಿಸರಸ್ನೇಹಿ ಡೇಕೇರ್: ಬಳ್ಳಾರಿಯ ಬಿಸಿಲು ಧೂಳಿನಲ್ಲಿ ಯಾವುದಕ್ಕೆ ಹೆಚ್ಚು ದುಡ್ಡು ಕೊಡಬೇಕು, ಯಾವುದಕ್ಕೆ ಬೇಡ

ಡೇಕೇರ್ ನೋಡಲು ಹೋಗುವಾಗ ಒಗೆದ ಬಿಳಿ ಕರವಸ್ತ್ರ ಒಂದನ್ನು ಜೊತೆಗೆ ಇಟ್ಟುಕೊಳ್ಳಿ. ಮಕ್ಕಳು ಮಲಗುವ ಕೋಣೆಯಲ್ಲಿ, ಅಂಬೆಗಾಲಿಡುವ ಮಗುವಿನ ಕೈಗೆ ಸಿಗುವ ಎತ್ತರದಲ್ಲಿ, ಕಿಟಕಿ ಕಟ್ಟೆಯನ್ನೋ ಗೋಡೆ ಬುಡವನ್ನೋ ಒಮ್ಮೆ ಒರೆಸಿ. ಬಳ್ಳಾರಿಯಲ್ಲಿ ಆ ಬಟ್ಟೆ ಬೆಳ್ಳಗೇ ವಾಪಸು ಬರುವುದಿಲ್ಲ. ತಿಳಿ ಕೆಂಪಾದರೆ ಬೆಳಿಗ್ಗೆ ಯಾರೋ ಒರೆಸಿದ್ದಾರೆ. ಇಟ್ಟಿಗೆ ಬಣ್ಣಕ್ಕೆ ತಿರುಗಿದರೆ ಮೂರು ನಾಲ್ಕು ದಿನದಿಂದ ಅಲ್ಲಿಗೆ ಯಾರ ಕೈಯೂ ಹೋಗಿಲ್ಲ.

ಹೋದ ವರ್ಷ ಮಾರ್ಚ್‌ನಿಂದ ಮೇವರೆಗೆ ಆ ಕರವಸ್ತ್ರ ಹಿಡಿದು ಏಳು ಕಡೆ ತಿರುಗಿದೆ. ಮಗನಿಗೆ ಆಗ 13 ತಿಂಗಳು. ನನ್ನ ರಜೆ ಮುಗಿದಿತ್ತು, ಯಜಮಾನರದು ತೋರಣಗಲ್ಲಿನಲ್ಲಿ ಪಾಳಿ ಕೆಲಸ, ಅತ್ತೆಯವರಿಗೆ ಮೊಣಕಾಲು ನೋವು. ಏಳರಲ್ಲಿ ಮೂರು ಕಡೆ ಬೋರ್ಡಿನ ಮೇಲೇ ‘ಇಕೋ ಫ್ರೆಂಡ್ಲಿ’ ಎಂದು ಬರೆದಿತ್ತು. ಅಲ್ಲಿ ಉಳಿದ ಕಡೆಗಿಂತ ಶುಲ್ಕವೂ ಹೆಚ್ಚು. ಯಾತಕ್ಕೆ ಹೆಚ್ಚು ಎಂದು ಕೇಳಿದರೆ ಮರದ ಆಟಿಕೆ, ಹುಲ್ಲುಹಾಸು, ಸೋಲಾರ್, ಸಾವಯವ ಊಟ ಎಂದು ಪಟ್ಟಿ ಒಪ್ಪಿಸುತ್ತಿದ್ದರು. ಆ ಪಟ್ಟಿಯನ್ನು ಒಂದೊಂದಾಗಿ ತೂಗಿ ನೋಡಿದ್ದನ್ನೇ ಇಲ್ಲಿ ಬರೆದಿದ್ದೇನೆ. ರಾಯಚೂರು, ಕೊಪ್ಪಳದವರಿಗೂ ಇದರಲ್ಲಿ ಬಹುಪಾಲು ಒಪ್ಪುತ್ತದೆ. ಉಷ್ಣ ವಿದ್ಯುತ್ ಸ್ಥಾವರವಿರುವ ಶಕ್ತಿನಗರದ ಕಡೆ ಕೆಂಪು ಧೂಳಿನ ಬದಲು ಬೂದಿ, ಕಬ್ಬಿಣದ ಕಾರ್ಖಾನೆಗಳಿರುವ ಗಿಣಿಗೇರಿ ಕಡೆ ಕರಿ ಪುಡಿ, ಅಷ್ಟೇ ವ್ಯತ್ಯಾಸ.

ನನ್ನ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಕಡೆ ಮಗುವಿಗೂ ಮಣ್ಣಿಗೂ ಒಳ್ಳೆಯದಾದ ರೀತಿಯಲ್ಲಿ ಡೇಕೇರ್ ನಡೆಸಲು ಸಾಮಾನು ಹೆಚ್ಚು ಬೇಕಿಲ್ಲ, ಆಳು ಹೆಚ್ಚು ಬೇಕು. ಒದ್ದೆ ಬಟ್ಟೆ ಹಾಕಿ ನೆಲ ಒರೆಸಬೇಕು, ಲಂಗೋಟಿ ಒಗೆಯಬೇಕು, ಮಧ್ಯಾಹ್ನಕ್ಕೆ ಬಿಸಿ ಅಡುಗೆ ಆಗಬೇಕು, ಕೂಲರ್ ತೊಟ್ಟಿ ವಾರಕ್ಕೊಮ್ಮೆ ತಿಕ್ಕಬೇಕು. ನೀವು ಕೊಡುವ ಹೆಚ್ಚಿನ ಹಣ ಈ ಕೆಲಸ ಮಾಡುವ ಕೈಗಳಿಗೆ ತಲುಪುತ್ತಿದ್ದರೆ ಕೊಡಿ. ಗೋಡೆಗೆ ಹಚ್ಚಿದ ಹಸಿರು ಬಣ್ಣಕ್ಕೆ ಹೋಗುತ್ತಿದ್ದರೆ ಕೈ ಹಿಡಿದುಕೊಳ್ಳಿ.

ನಮ್ಮ ಮುಂದೆ ಏನೇನಿದೆ

ಬಳ್ಳಾರಿಯಂಥ ಊರಲ್ಲಿ ಸಣ್ಣ ಮಗುವನ್ನು ಬಿಡಲು ನಾಲ್ಕು ಬಗೆಯ ಜಾಗ ಸಿಗುತ್ತವೆ. ಗಾಂಧಿನಗರ, ಪಾರ್ವತಿ ನಗರ, ಸತ್ಯನಾರಾಯಣಪೇಟೆಯ ಗಲ್ಲಿಗಳಲ್ಲಿ ಯಾರೋ ಅಮ್ಮನೋ ನಿವೃತ್ತ ಟೀಚರೋ ಸ್ವಂತ ಮನೆಯಲ್ಲೇ ನಡೆಸುವ ಡೇಕೇರ್ ಒಂದು. ಮುಖ್ಯರಸ್ತೆಯ ಮೇಲೆ ಎರಡು ಮೂರು ಅಂತಸ್ತಿನ ಪ್ಲೇಸ್ಕೂಲು, ಅದಕ್ಕೆ ಅಂಟಿಕೊಂಡ ಡೇಕೇರ್ ಇನ್ನೊಂದು. ಮೂರನೆಯದು ಕೆಲಸದ ಜಾಗದಲ್ಲೇ ಇರುವ ಶಿಶುಪಾಲನಾ ಕೇಂದ್ರ. 2017ರ ಹೆರಿಗೆ ಸೌಲಭ್ಯ ತಿದ್ದುಪಡಿ ಕಾಯ್ದೆಯಿಂದ ಬಂದ ನಿಯಮದ ಪ್ರಕಾರ 50 ಅಥವಾ ಹೆಚ್ಚು ನೌಕರರಿರುವ ಸಂಸ್ಥೆ ಈ ವ್ಯವಸ್ಥೆ ಮಾಡಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ಮಗುವನ್ನು ನೋಡಲು ಬಿಡಬೇಕು. ನಿಮ್ಮ ಕಚೇರಿ ಅಷ್ಟು ದೊಡ್ಡದಿದ್ದರೆ ಬೇರೆ ಕಡೆ ದುಡ್ಡು ಸುರಿಯುವ ಮೊದಲು ಅಲ್ಲಿ ಕೇಳಿ. ಕೇಳದೇ ಸುಮ್ಮನಿರುವವರೇ ನಮ್ಮಲ್ಲಿ ಜಾಸ್ತಿ. ನಾಲ್ಕನೆಯದು ಸರ್ಕಾರದ್ದು. ಮೂರು ವರ್ಷ ದಾಟಿದ ಮಕ್ಕಳಿಗೆ ಅಂಗನವಾಡಿ ಇದೆ. ಹಳ್ಳಿಗಳಲ್ಲಿ ಉದ್ಯೋಗ ಖಾತ್ರಿ ಕೆಲಸಕ್ಕೆ ಹೋಗುವ ತಾಯಂದಿರ ಮಕ್ಕಳಿಗಾಗಿ 2023ರ ಬಜೆಟ್‌ನಲ್ಲಿ ಘೋಷಣೆಯಾದ ‘ಕೂಸಿನ ಮನೆ’ ಇದೆ. ಅಂಗನವಾಡಿಯ ಹೊತ್ತು ನಮ್ಮಂಥ ಸಂಜೆ ಆರರ ಕೆಲಸದವರಿಗೆ ಸಾಲುವುದಿಲ್ಲ. ಆದರೆ ಒಂದು ಮಾತು ಹೇಳಲೇಬೇಕು: ಸ್ಟೀಲ್ ತಟ್ಟೆ, ಅಲ್ಲೇ ಬೇಯಿಸಿದ ಊಟ, ಕೈಯಲ್ಲಿ ಮಾಡಿದ ಆಟಿಕೆ ಅಂಗನವಾಡಿಯಲ್ಲಿ ಮೊದಲಿನಿಂದ ಇವೆ. ಅವನ್ನೇ ‘ಇಕೋ’ ಎಂದು ಕರೆದು ಹೆಚ್ಚು ಕೇಳುವವರ ಎದುರು ಇದನ್ನು ನೆನಪಿಡಿ.

ತಂಪು

ಬಳ್ಳಾರಿಗೆ ಎರಡೇ ಕಾಲ, ಬ್ಯಾಸಿಗಿ ಮತ್ತು ಕಡು ಬ್ಯಾಸಿಗಿ ಎಂದು ನಮ್ಮವರೇ ಹೇಳುತ್ತಾರೆ. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಊರಿನಲ್ಲಿ ಪರಿಸರಸ್ನೇಹಿ ಎಂದರೆ ಮೊಟ್ಟಮೊದಲು ಕಟ್ಟಡ ಹೇಗಿದೆ ಎನ್ನುವ ಪ್ರಶ್ನೆ. ಸಣ್ಣ ಮಕ್ಕಳಿಗೆ ಬಿಸಿಲು ದೊಡ್ಡವರಿಗಿಂತ ಬೇಗ ತಟ್ಟುತ್ತದೆ, ಬಾಯಾರಿದೆ ಎಂದು ಹೇಳಲೂ ಬರುವುದಿಲ್ಲ.

ನಾನು ನೋಡಿದ ಒಂದು ಕಡೆ ಮಕ್ಕಳ ಕೋಣೆ ಮೇಲಿನ ಅಂತಸ್ತಿನಲ್ಲಿತ್ತು. ತಲೆಯ ಮೇಲೆ ನೇರ ಮಾಳಿಗೆ, ಪಶ್ಚಿಮದ ಗೋಡೆಗೆ ನೆರಳಿಲ್ಲ, ಎರಡು ಎಸಿ ಬಿಡುವಿಲ್ಲದೆ ಓಡುತ್ತಿದ್ದವು. ಕರೆಂಟು ಹೋದ ಹತ್ತೇ ನಿಮಿಷಕ್ಕೆ ಮಕ್ಕಳು ಬೆವರಿ ಅಳಲು ಶುರುಮಾಡಿದರು. ಆ ಎಸಿಗಳ ಬಿಲ್ಲು ನಮ್ಮ ಶುಲ್ಕದಲ್ಲೇ ಸೇರಿರುತ್ತದೆ. ಎಣಿಸಿ ನೋಡಿ. ಸಾಧಾರಣ ಕೂಲರ್ 200 ವ್ಯಾಟ್ ಎಂದಿಟ್ಟುಕೊಂಡರೆ ಎಂಟು ಗಂಟೆಗೆ 1.6 ಯೂನಿಟ್. ಒಂದೂವರೆ ಟನ್ ಎಸಿ ನಮ್ಮ ಬಿಸಿಲಲ್ಲಿ ಅಷ್ಟೇ ಹೊತ್ತಿಗೆ ಸುಮಾರು 10 ಯೂನಿಟ್ ಎಳೆಯುತ್ತದೆ. ಯೂನಿಟ್‌ಗೆ 8 ರೂಪಾಯಿ ಹಿಡಿದರೆ 26 ದಿನಕ್ಕೆ ಕೂಲರ್‌ಗೆ 330 ರೂಪಾಯಿ ಹತ್ತಿರ, ಎಸಿಗೆ 2,080. ಹದಿನೈದು ಮಕ್ಕಳಿಗೆ ಹಂಚಿದರೆ ಒಂದು ಮಗುವಿಗೆ ಕೂಲರ್‌ನ ಪಾಲು 22 ರೂಪಾಯಿ, ಎಸಿಯ ಪಾಲು 139. ಎಸಿ ಎಂದು ತಿಂಗಳಿಗೆ 1,000 ಹೆಚ್ಚು ಕೇಳಿದರೆ ಲೆಕ್ಕ ಕೇಳುವ ಹಕ್ಕು ನಿಮಗಿದೆ.

ನಮ್ಮ ಒಣ ಬೇಸಿಗೆಗೆ ಕೂಲರ್ ಚೆನ್ನಾಗಿ ಒಗ್ಗುತ್ತದೆ. ಆದರೆ ಎದುರಿನ ಕಿಟಕಿ ತೆರೆದಿರಬೇಕು, ಇಲ್ಲದಿದ್ದರೆ ಕೋಣೆ ತೇವಗಟ್ಟಿ ಧಗೆಯಾಗುತ್ತದೆ. ಮಳೆಗಾಲದಲ್ಲಿ ಅದರಿಂದ ಉಪಯೋಗ ಕಡಿಮೆ. ದೊಡ್ಡ ತೊಂದರೆ ಸೊಳ್ಳೆಯದು. ಡೆಂಗಿ ಹರಡುವ ಈಡಿಸ್ ಸೊಳ್ಳೆ ನಿಂತ ಶುದ್ಧ ನೀರಲ್ಲೇ ಮೊಟ್ಟೆ ಇಡುತ್ತದೆ, ಮೊಟ್ಟೆಯಿಂದ ಸೊಳ್ಳೆಯಾಗಲು ಎಂಟು ಹತ್ತು ದಿನ ಸಾಕು. ಅದಕ್ಕೇ ವಾರಕ್ಕೊಮ್ಮೆ ತೊಟ್ಟಿ ಖಾಲಿ ಮಾಡಿ, ಒಳಗೋಡೆಯನ್ನು ತಿಕ್ಕಿ ಒಣಗಿಸಬೇಕು. 2024ರಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಬೇಕಾಯಿತು. ಡೇಕೇರ್‌ನಲ್ಲಿ ಕೂಲರ್ ಕಂಡರೆ ತೊಟ್ಟಿಯ ಮುಚ್ಚಳ ತೆಗೆಸಿ ನೋಡಿ, ಸಂಕೋಚ ಬೇಡ. ಸೊಳ್ಳೆಗೆ ಕಾಯಿಲ್ ಹಚ್ಚುತ್ತೇವೆ ಎಂದರೆ ಅಲ್ಲಿಂದ ಎದ್ದು ಬನ್ನಿ. ಒಂದು ಕಾಯಿಲ್ ಉರಿದಾಗ ಬರುವ ಸೂಕ್ಷ್ಮ ಕಣಗಳು 75ರಿಂದ 137 ಸಿಗರೇಟಿನವಕ್ಕೆ ಸಮ ಎಂದು 2003ರ ಒಂದು ಅಧ್ಯಯನ ಅಳೆದು ಹೇಳಿತ್ತು. ಕಿಟಕಿಗೆ ಜಾಲರಿ ಹೊಡೆಸಿದ್ದರೆ, ಹಗಲಲ್ಲೂ ಸೊಳ್ಳೆಪರದೆ ಕಟ್ಟುತ್ತಿದ್ದರೆ ಅದಕ್ಕೆ ಸಂತೋಷದಿಂದ ಕೊಡಬಹುದು.

ಇವೆಲ್ಲಕ್ಕಿಂತ ಹೆಚ್ಚು ಕೆಲಸ ಮಾಡುವುದು ಮಾಳಿಗೆ ಮತ್ತು ಗಿಡ. ಮಾಳಿಗೆಗೆ ಬಿಳಿ ಸುಣ್ಣ ಅಥವಾ ಬಿಸಿಲು ಹಿಂದಕ್ಕೆ ಹೊಡೆಯುವ ಬಿಳಿ ಬಣ್ಣ ಬಳಿದರೆ ಕೋಣೆಯ ಬಿಸಿ ಕಣ್ಣಿಗೆ ಕಾಣುವಷ್ಟು ಇಳಿಯುತ್ತದೆ. ಪಕ್ಕದ ತೆಲಂಗಾಣ 2023ರಲ್ಲಿ ಇದನ್ನೇ ‘ಕೂಲ್ ರೂಫ್’ ನೀತಿ ಮಾಡಿಕೊಂಡಿದೆ. ಪಶ್ಚಿಮಕ್ಕೆ ಒಂದು ಬೇವಿನ ಗಿಡ, ನೆಲಕ್ಕೆ ಶಹಾಬಾದ್ ಅಥವಾ ಕಡಪ ಕಲ್ಲು ಇದ್ದರೆ ಮಧ್ಯಾಹ್ನ ಎರಡಕ್ಕೂ ಮಕ್ಕಳು ನೆಲದ ಮೇಲೆ ಕೌದಿ ಹಾಸಿಕೊಂಡು ನಿದ್ದೆ ಮಾಡುತ್ತಾರೆ. ಇಂಥವು ಹಳೆಯ ಮನೆಗಳಲ್ಲಿ ಮೊದಲೇ ಇರುತ್ತವೆ, ತಿಂಗಳ ಖರ್ಚು ಇಲ್ಲ. ತಗಡಿನ ಶೀಟಿನ ಕೆಳಗೆ, ಮೇಲಿನ ಅಂತಸ್ತಿನಲ್ಲಿ ನಡೆಸುವವರು ಎಷ್ಟೇ ರಿಯಾಯಿತಿ ಕೊಟ್ಟರೂ ಬೇಡ. ಮೇಲಿನ ಅಂತಸ್ತೋ ನೆಲಮಟ್ಟವೋ ಎಂದು ಕೇಳಿದರೆ ನೆಲಮಟ್ಟವೇ ಸರಿ: ತಂಪೂ ಹೌದು, ಬೆಂಕಿ ಅಪಘಾತವಾದರೆ ಮಕ್ಕಳನ್ನು ಹೊತ್ತು ಹೊರಗೋಡಲೂ ಹಗುರ.

ನೋಡಲು ಹೋಗುವುದಾದರೆ ಬೆಳಿಗ್ಗೆ ಹತ್ತಕ್ಕೆ ಹೋಗಬೇಡಿ. ಏಪ್ರಿಲ್‌ನಲ್ಲಿ, ಮಧ್ಯಾಹ್ನ ಎರಡೂವರೆಗೆ, ಹೇಳದೆ ಹೋಗಿ. ಪಶ್ಚಿಮದ ಗೋಡೆಗೆ ಒಳಗಿನಿಂದ ಅಂಗೈ ಇಡಿ.

ಧೂಳು

ಅದಿರಿನ ಲಾರಿಗಳು ಓಡುವ ರಸ್ತೆ, ಹಲಕುಂದಿ, ಬೆಳಗಲ್ಲು ಕಡೆಯ ಸ್ಪಾಂಜ್ ಐರನ್ ಕಾರ್ಖಾನೆಗಳು, ಕುಡಿತಿನಿಯ ಉಷ್ಣ ವಿದ್ಯುತ್ ಸ್ಥಾವರ, ಇವೆಲ್ಲದರ ನಡುವೆ ನಮ್ಮ ಮಕ್ಕಳು ಉಸಿರಾಡುತ್ತಾರೆ. ಪಿಎಂ 2.5 ಎನ್ನುವ ಸೂಕ್ಷ್ಮ ಕಣಕ್ಕೆ ನಮ್ಮ ದೇಶದ ವಾರ್ಷಿಕ ಮಿತಿ ಘನ ಮೀಟರಿಗೆ 40 ಮೈಕ್ರೋಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು 5. ಮಿತಿಯ ಒಳಗಿದ್ದೇವೆ ಎಂದು ಯಾರಾದರೂ ಸಮಾಧಾನ ಹೇಳಿದರೆ ಯಾವ ಮಿತಿ ಎಂದು ಕೇಳಬೇಕು. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ‘ಸಮೀರ್’ ಆ್ಯಪ್‌ನಲ್ಲಿ ಹತ್ತಿರದ ಮಾಪನ ಕೇಂದ್ರದ ಅಂಕಿ ನೋಡಬಹುದು.

ಇಲ್ಲಿ ಹೋಲಿಸಬೇಕಾದ್ದು ಮೂರು: ರಸ್ತೆಯಿಂದ ದೂರ, ಏರ್ ಪ್ಯೂರಿಫೈಯರ್, ಒದ್ದೆ ಬಟ್ಟೆ. ರಸ್ತೆಯಿಂದ ದೂರಕ್ಕೆ ನಾನು ಎಷ್ಟು ಬೇಕಾದರೂ ಬೆಲೆ ಕೊಡುತ್ತೇನೆ. ಹೊಸಪೇಟೆ ರಸ್ತೆಯ ಅಂಚಿನ ಹೊಳೆಯುವ ಕಟ್ಟಡಕ್ಕಿಂತ ಎರಡು ಗಲ್ಲಿ ಒಳಗಿನ ಹಳೇ ಮನೆ ಮೇಲು. ಏರ್ ಪ್ಯೂರಿಫೈಯರ್ ಒಳ್ಳೆಯ ಯಂತ್ರವೇ, ಆದರೆ ಬಾಗಿಲು ಕಿಟಕಿ ಮುಚ್ಚಿದ ಕೋಣೆಯಲ್ಲಿ ಮಾತ್ರ. ಕೂಲರ್‌ಗೆ ಕಿಟಕಿ ತೆರೆಯಬೇಕು, ಪ್ಯೂರಿಫೈಯರ್‌ಗೆ ಮುಚ್ಚಬೇಕು. ಎರಡೂ ಒಂದೇ ಕೋಣೆಯಲ್ಲಿ ಇದ್ದರೆ ಪ್ಯೂರಿಫೈಯರ್ ಬರೀ ತೋರಿಕೆ. ಎಸಿ ಇರುವ ಮಲಗುವ ಕೋಣೆಯಲ್ಲಿ ಇಟ್ಟಿದ್ದರೆ, ಫಿಲ್ಟರ್ ಬದಲಾಯಿಸಿದ ತಾರೀಖು ತೋರಿಸಿದರೆ, ಸ್ವಲ್ಪ ಹೆಚ್ಚು ಕೊಡುವುದರಲ್ಲಿ ತಪ್ಪಿಲ್ಲ. ದಮ್ಮು, ಉಬ್ಬಸ ಇರುವ ಮಗುವಿಗಂತೂ ಇದನ್ನು ಬೇಕೇ ಬೇಕು ಎನ್ನುತ್ತೇನೆ.

ಗಾಳಿ ಶುದ್ಧವಾಗಲೆಂದು ಕೋಣೆಯೊಳಗೆ ಕುಂಡಗಳನ್ನು ಇಟ್ಟಿದ್ದೇವೆ ಎಂದು ಇಬ್ಬರು ಹೇಳಿದರು. ಈ ನಂಬಿಕೆ ಹುಟ್ಟಿದ್ದು 1989ರ ನಾಸಾ ಪ್ರಯೋಗದಿಂದ. ಅದು ಗಾಳಿಯಾಡದಂತೆ ಮುಚ್ಚಿದ ಸಣ್ಣ ಪೆಟ್ಟಿಗೆಯಲ್ಲಿ ಮಾಡಿದ್ದು. ಜನ ಓಡಾಡುವ ಕೋಣೆಯಲ್ಲಿ ನಾಲ್ಕು ಕುಂಡದಿಂದ ಗಾಳಿಗೆ ಆಗುವ ಪ್ರಯೋಜನ ಲೆಕ್ಕಕ್ಕೇ ಸಿಗದಷ್ಟು ಕಡಿಮೆ. ಗಿಡ ನೋಡಲು ಚೆಂದ, ಮಗು ನೀರು ಹಾಕಿ ಕಲಿಯಲಿ. ಅದಕ್ಕೆಂದು ಶುಲ್ಕ ಮಾತ್ರ ಬೇಡ.

ನೆಲ ಮುಟ್ಟಿ ಬಾಯಿಗೆ ಕೈ ಹಾಕುವ ವಯಸ್ಸಿನ ಮಗುವಿಗೆ ಗಾಳಿಯ ಧೂಳಿನಷ್ಟೇ ನೆಲದ ಧೂಳೂ ಹೊಟ್ಟೆ ಸೇರುತ್ತದೆ. ಈಗ ನನ್ನ ಮಗ ಹೋಗುವ ಮನೆಯ ಆಯಮ್ಮ ಮೊದಲ ದಿನವೇ ನನಗೆ ಪಾಠ ಹೇಳಿದರು: “ಪರಕಿ ಹಿಡದ್ರ ಧೂಳು ಎದ್ದು ಮತ್ತ ಕೂಸಿನ ಮ್ಯಾಲೇ ಕೂಡ್ತೈತಿ ಮೇಡಂ. ಒದ್ದಿ ಬಟ್ಟಿ ಹಾಕಿದ್ರ ಧೂಳು ನಮ್ ಕೈಯಾಗ ಬರ್ತೈತಿ.” ದಿನಕ್ಕೆ ಎರಡು ಸಲ, ಬೆಳಿಗ್ಗೆ ಮಕ್ಕಳು ಬರುವ ಮೊದಲು, ಮಧ್ಯಾಹ್ನ ಊಟದ ನಂತರ. ಬಾಗಿಲ ಹೊರಗೆ ಚಪ್ಪಲಿ, ಒಳಗೆ ಜೀನ್ಸ್ ಚಿಂದಿಯಲ್ಲಿ ಹೊಲಿದ ಕಾಲೊರಸು. ಜೀನ್ಸ್ ಹೊಲಿಯುವ ನಮ್ಮೂರಲ್ಲಿ ಕಟಿಂಗ್ ಚಿಂದಿಗೆ ಬರವಿಲ್ಲ. ನಾಲ್ಕು ಸಲ ಒಗೆದು ಬಣ್ಣ ಬಿಡಿಸಿದರೆ ಅದಕ್ಕಿಂತ ಗಟ್ಟಿ ಕಾಲೊರಸು ಸಿಗದು. ಒರೆಸುವ ನೀರಿಗೆ ಏನು ಹಾಕುತ್ತೀರಿ ಎಂದೂ ಕೇಳಿ. ಘಾಟು ಫಿನಾಯಿಲ್ ನೆಲದಲ್ಲೇ ತೆವಳುವ ಮಗುವಿಗೆ ಒಳ್ಳೆಯದಲ್ಲ. ದಿನದ ಒರೆಸುವಿಕೆಗೆ ಸೋಪಿನ ನೀರು ಸಾಕು, ಬ್ಲೀಚಿಂಗ್ ಪುಡಿ ಶೌಚಾಲಯಕ್ಕೆ ಇರಲಿ.

ಧೂಳಿನ ಮಾತಿನ ಜೊತೆಗೆ ಸೀಸದ ಮಾತನ್ನೂ ಹೇಳಬೇಕು. ಮನೆ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ 90 ಪಾಲು) ಮೀರಬಾರದು ಎಂಬ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ಹಳೇ ಮನೆಯ ಕಿಟಕಿ ಸರಳಿಗೆ, ಬಾಗಿಲಿಗೆ ಅದಕ್ಕೂ ಮೊದಲು ಬಳಿದ ಎನಾಮೆಲ್ ಬಣ್ಣ ಸಿಪ್ಪೆಯೇಳುತ್ತಿದ್ದರೆ ಆ ಚಕ್ಕೆ ಮಗುವಿನ ಬಾಯಿಗೆ ಹೋಗುತ್ತದೆ. ಹಳೇ ಮನೆಗಳನ್ನು ಇಷ್ಟು ಹೊಗಳಿದ ನಾನು ಇದೊಂದನ್ನು ಬಲವಾಗಿ ಹೇಳುತ್ತೇನೆ: ಸರಳುಗಳ ಮೇಲೆ ಬೆರಳಾಡಿಸಿ ನೋಡಿ. ಚಕ್ಕೆ ಉದುರಿದರೆ, ಬಣ್ಣ ತೆಗೆಸಿ ಹೊಸದು ಬಳಿಸಿದ ಮೇಲೆಯೇ ಮಗುವನ್ನು ಬಿಡಿ. ತೆಗೆಯುವಾಗ ಮಕ್ಕಳು ಅಲ್ಲಿರಬಾರದು, ಒಣಗಿದ್ದ ಹಾಗೇ ಉಜ್ಜಬಾರದು, ನೀರು ಹಾಕಿ ಉಜ್ಜಬೇಕು.

ನೀರು

ನಗರಕ್ಕೆ ಬರುವುದು ತುಂಗಭದ್ರೆಯ ಕಾಲುವೆ ನೀರು, ಅಲ್ಲೀಪುರ ಕೆರೆಯಲ್ಲಿ ನಿಂತು ಬರುತ್ತದೆ. ನಲ್ಲಿಯಲ್ಲಿ ದಿನಾ ಬರದ ಕಾರಣ ಬೋರ್‌ವೆಲ್, ಟ್ಯಾಂಕರ್, ಕ್ಯಾನ್ ಎಲ್ಲ ಕಲೆತು ಹೋಗುತ್ತವೆ. ಕುಡಿಯಲು ಯಾವುದು, ಅಡುಗೆಗೆ ಯಾವುದು ಎಂದು ಬೇರೆ ಬೇರೆಯಾಗಿ ಕೇಳಿ. ಕಾದಾರಿಸಿದ ನೀರು ಎನ್ನುವುದು ಅರ್ಧ ಉತ್ತರ. ಕಾಯಿಸಿದರೆ ರೋಗಾಣು ಸಾಯುತ್ತವೆ, ಹೆಚ್ಚಾದರೆ ಹಲ್ಲು ಮೂಳೆ ಕೆಡಿಸುವ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಫ್ಲೋರೈಡ್ ಪ್ರಮಾಣ ಏರುತ್ತದೆ. ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ಮೂಲವೇ ಇಲ್ಲದಿದ್ದರೆ 1.5ರವರೆಗೆ ಎನ್ನುತ್ತದೆ ಭಾರತೀಯ ಮಾನಕ. ರಾಯಚೂರು, ಕೊಪ್ಪಳದ ಬೋರ್‌ವೆಲ್ ನೀರು ಕುಡಿಸುವವರು ಪರೀಕ್ಷೆ ಮಾಡಿಸಿದ ಚೀಟಿ ತೋರಿಸಲೇಬೇಕು. ಜಿಲ್ಲಾ ಮಟ್ಟದ ನೀರು ಪರೀಕ್ಷಾ ಪ್ರಯೋಗಾಲಯಕ್ಕೆ ನಾವೂ ಮಾದರಿ ಒಯ್ದು ಕೊಡಬಹುದು.

ರೋಗಾಣುವಿನ ಭಯವೂ ಸಣ್ಣದಲ್ಲ. 2022ರ ಮೇ, ಜೂನ್‌ನಲ್ಲಿ ರಾಯಚೂರು ನಗರದಲ್ಲಿ ಕಲುಷಿತ ನಲ್ಲಿ ನೀರು ಕುಡಿದು ಜನ ಸತ್ತದ್ದು ನಮಗಾರಿಗೂ ಮರೆತಿಲ್ಲ. ಆರ್‌ಒ ಯಂತ್ರವಿದ್ದರೆ ಅದು ಹೊರಹಾಕುವ ನೀರನ್ನು ಏನು ಮಾಡುತ್ತಾರೆ ನೋಡಿ. ಬಕೆಟ್‌ನಲ್ಲಿ ಹಿಡಿದು ನೆಲ ಒರೆಸಲು, ಶೌಚಾಲಯಕ್ಕೆ ಬಳಸುವವರು ಕೆಲಸ ಬಲ್ಲವರು. ಕುಡಿಯುವ ನೀರು ಸ್ಟೀಲ್ ಅಥವಾ ಮಣ್ಣಿನ ಪಾತ್ರೆಯಲ್ಲಿದ್ದು, ಎರಡು ದಿನಕ್ಕೊಮ್ಮೆ ತೊಳೆಯುತ್ತಿದ್ದರೆ ಸಾಕು. ಒಳ್ಳೆಯ ನೀರಿಗೆ ತಿಂಗಳಿಗೆ ನೂರು ಇನ್ನೂರು ಹೆಚ್ಚು ಕೇಳಿದರೆ ಮರುಮಾತಾಡಬೇಡಿ.

ಲಂಗೋಟಿಯೋ ಡೈಪರೋ

ತಾಯಂದಿರು ಹೆಚ್ಚು ಗೊಂದಲ ಪಡುವುದು ಇದರಲ್ಲೇ. ನಮ್ಮ ಬೇಸಿಗೆಯಲ್ಲಿ ಇಡೀ ದಿನ ಪ್ಲಾಸ್ಟಿಕ್ ಡೈಪರ್ ಕಟ್ಟಿದರೆ ತೊಡೆಸಂದಿ ಕೆಂಪಾಗಿ ಬೆಂದ ಹಾಗಾಗುತ್ತದೆ. ನನ್ನ ಮಗನಿಗೆ ಮೊದಲು ಬಿಟ್ಟ ಜಾಗದಲ್ಲಿ ಒಂದೇ ವಾರಕ್ಕೆ ಹಾಗಾಯಿತು. ಬೆಳಿಗ್ಗೆ ಕಟ್ಟಿದ್ದನ್ನು ಸಂಜೆ ನಾನೇ ಬಿಚ್ಚಿದೆ. ಅಷ್ಟು ಹೊತ್ತು ಬಿಡುವಂತಿದ್ದರೆ ಯಾವ ಡೈಪರ್ ಆದರೂ ಒಂದೇ. ಬಿಸಾಡಿದ ಡೈಪರ್ ಕೊಳೆಯುವುದೂ ಇಲ್ಲ, ಕಸದ ಗಾಡಿಯಲ್ಲಿ ಬೇರೆ ಮಾಡುವವರ ಕೈಗೆ ಹೋಗುತ್ತದೆ.

ಬಟ್ಟೆ ಲಂಗೋಟಿಯ ಲೆಕ್ಕ ಬೇರೆ. ಹಳೇ ಕಾಟನ್ ಸೀರೆ, ಪಂಚೆಯಿಂದ ಮನೆಯಲ್ಲೇ ಆಗುತ್ತದೆ, ವಸ್ತುವಿಗೆ ಖರ್ಚಿಲ್ಲ. ಒಂದು ಮಗುವಿಗೆ ದಿನಕ್ಕೆ ಎಂಟು ಹತ್ತು ಬೇಕು. ಅಷ್ಟನ್ನು ತೊಳೆಯಲು ನೀರು ಬೇಕು, ಕೈ ಬೇಕು, ಒಣಹಾಕಲು ಮಾಳಿಗೆ ಬೇಕು. ಬಿಸಿಲಿಗೆ ನಮ್ಮಲ್ಲಿ ಕೊರತೆಯಿಲ್ಲ. ಉರಿಬಿಸಿಲಲ್ಲಿ ಒಣಗಿದ ಬಟ್ಟೆ ಸ್ವಚ್ಛವೂ ಹೌದು, ಒಂದೇ ಗಂಟೆಯಲ್ಲಿ ಕೈಗೆ ಸಿಗುತ್ತದೆ. ಆದರೆ ನೀರಿನ ಕೊರತೆಯಿರುವ ವಾರದಲ್ಲಿ ಅರೆಬರೆ ಒಗೆದ ಲಂಗೋಟಿ ಡೈಪರ್‌ಗಿಂತ ಕೆಟ್ಟದ್ದು. ಹಾಗಾಗಿ ಕಟ್ಟುನಿಟ್ಟು ಬೇಡ ಎಂಬುದು ನನ್ನ ಅಭಿಪ್ರಾಯ. ಹಗಲು ಎಚ್ಚರವಿದ್ದಾಗ ಲಂಗೋಟಿ, ಮಧ್ಯಾಹ್ನದ ನಿದ್ದೆಗೆ ಮತ್ತು ನೀರು ಬಾರದ ದಿನ ಡೈಪರ್, ಯಾವುದಾದರೂ ಒದ್ದೆಯಾದ ಕೂಡಲೇ ಬದಲು. ಒಂದೂವರೆ ವರ್ಷದ ಮೇಲೆ ಹೊತ್ತು ನೋಡಿ ಉಚ್ಚೆಗೆ ಕೂರಿಸುವ ತಾಳ್ಮೆ ಆಯಮ್ಮನಿಗಿದ್ದರೆ ಈ ಪ್ರಶ್ನೆಯೇ ಬೇಗ ಮುಗಿಯುತ್ತದೆ. ಆ ತಾಳ್ಮೆಗೆ ನಾನು ಎಲ್ಲಕ್ಕಿಂತ ಹೆಚ್ಚು ಬೆಲೆ ಕಟ್ಟುತ್ತೇನೆ.

ಊಟ

ಸಾವಯವ ಎಂಬ ಮಾತಿಗೆ ದುಡ್ಡು ಕೇಳಿದರೆ ಪೊಟ್ಟಣದ ಮೇಲೆ ಸಾವಯವ ಎಂದು ಖಾತ್ರಿ ಕೊಡುವ, ‘ಜೈವಿಕ್ ಭಾರತ್’ನಂಥ ಸರ್ಕಾರಿ ಗುರುತು ಇದೆಯೇ ನೋಡಿ. ಇಲ್ಲದಿದ್ದರೆ ಅದು ಬಾಯಿಮಾತು. ನಮ್ಮ ಕಡೆಯ ಹತ್ತಿ, ಮೆಣಸಿನಕಾಯಿ ಹೊಲಗಳಿಗೆ ಹೊಡೆಯುವಷ್ಟು ಔಷಧಿ ಜೋಳಕ್ಕೆ, ಸಜ್ಜೆಗೆ ಹೊಡೆಯುವುದಿಲ್ಲ. ಹೀಗಾಗಿ ಜೋಳದ ನುಚ್ಚು, ಹೆಸರುಬೇಳೆ, ಒಂದು ಚಮಚ ತುಪ್ಪ ಹಾಕಿ ಅಲ್ಲೇ ಬೇಯಿಸಿದ ಊಟ, ಸಾವಯವ ಹಣೆಪಟ್ಟಿಯ ಬಿಸ್ಕತ್ತಿಗಿಂತ ಸಾವಿರ ಪಾಲು ಲೇಸು. ಸೊಪ್ಪು, ಕರಿಬೇವು, ದ್ರಾಕ್ಷಿಯನ್ನು ಉಪ್ಪುನೀರಲ್ಲಿ ತೊಳೆಯುತ್ತಾರೆಯೇ ಕೇಳಿ. ಬಿಸಿ ಅನ್ನವನ್ನು ಪ್ಲಾಸ್ಟಿಕ್ ಬಟ್ಟಲಿಗೆ ಹಾಕುವುದನ್ನು ಕಂಡರೆ ನೀವೇ ಎರಡು ಸ್ಟೀಲ್ ಬಟ್ಟಲು ಕೊಟ್ಟು ಬನ್ನಿ. ತಿಂಗಳ ಶುಲ್ಕ ಏರಿಸಿಕೊಳ್ಳುವುದಕ್ಕಿಂತ ಅದು ಅಗ್ಗ.

ದುಡ್ಡು ಕೊಡಬಾರದಂಥವು

ಪ್ಲಾಸ್ಟಿಕ್ ಹುಲ್ಲುಹಾಸು ಮೊದಲನೆಯದು. ನೋಡಲು ಹಸಿರು, ಬಿಸಿಲಿಗೆ ಕಾದ ಹಂಚು. ನಾನು ಅಂಗೈ ಇಟ್ಟು ಎಣಿಸಲು ಶುರುಮಾಡಿದವಳು ಮೂರಕ್ಕೇ ತೆಗೆದೆ. ಅದೇ ಜಾಗದಲ್ಲಿ ಒಂದು ಬುಟ್ಟಿ ಕೆಮ್ಮಣ್ಣು, ರಾತ್ರಿ ಬೆಕ್ಕು ಬಾರದಂತೆ ಮುಚ್ಚಿಡುವ ಮರಳಿನ ತೊಟ್ಟಿ ಇದ್ದರೆ ಮಕ್ಕಳು ದಿನವಿಡೀ ಆಡುತ್ತಾರೆ.

ಸೋಲಾರ್ ಒಳ್ಳೆಯದೇ, ಆದರೆ ಅದರಿಂದ ಕಡಿಮೆಯಾಗುವುದು ನಡೆಸುವವರ ಬಿಲ್ಲು. ಬ್ಯಾಟರಿ ಇದ್ದು ಕರೆಂಟು ಹೋದಾಗ ಫ್ಯಾನ್, ಕೂಲರ್ ತಿರುಗಿದರೆ ಮಾತ್ರ ನಿಮ್ಮ ಮಗುವಿಗೆ ಅದರ ಪಾಲು ಬಂತು.

ಮರದ ಆಟಿಕೆ ಎಂದ ಮಾತ್ರಕ್ಕೆ ಸುರಕ್ಷಿತವಲ್ಲ. ಆಟಿಕೆಗಳಿಗೆ 2021ರ ಜನವರಿಯಿಂದ ಐಎಸ್‌ಐ ಗುರುತು ಕಡ್ಡಾಯ. ಭೌಗೋಳಿಕ ಗುರುತಿರುವ ಕರಕುಶಲ ಆಟಿಕೆಗಳಿಗೆ ವಿನಾಯಿತಿ ಇದೆ. ಅರಗಿನ ಬಣ್ಣದ ಚನ್ನಪಟ್ಟಣದ ಗೊಂಬೆ ಕೂಸಿನ ಕೈಗೆ ಸರಿ. ನಮ್ಮ ಕೊಪ್ಪಳದ ಕಿನ್ನಾಳದ ಗೊಂಬೆ ನನಗೆ ಪ್ರಾಣ, ಆದರೆ ಅದು ಎತ್ತರದ ಗೂಡಿನಲ್ಲಿಟ್ಟು ಕತೆ ಹೇಳಲು. ಕಚ್ಚಿ ಚೀಪುವ ವಯಸ್ಸಿಗಲ್ಲ. ಸೌಟು, ಡಬ್ಬಿ, ಬಟ್ಟೆ ಚೆಂಡು, ತೊಳೆದ ತೆಂಗಿನ ಕರಟ ಎರಡು ವರ್ಷದವರೆಗೆ ಧಾರಾಳ ಸಾಕು.

ದೂರದ ಲೆಕ್ಕವನ್ನು ಬಹಳ ಜನ ಮರೆಯುತ್ತಾರೆ. ಆರು ಕಿಲೋಮೀಟರ್ ದೂರದ ‘ಇಕೋ’ ಡೇಕೇರ್‌ಗೆ ಬಿಡಲು ಹೋಗಿ ಬಂದು, ಕರೆತರಲು ಹೋಗಿ ಬಂದರೆ ದಿನಕ್ಕೆ 24 ಕಿಲೋಮೀಟರ್. ಸ್ಕೂಟರ್ ಲೀಟರಿಗೆ 45 ಕೊಟ್ಟು, ಪೆಟ್ರೋಲ್ ನೂರು ರೂಪಾಯಿ ಎಂದರೂ ತಿಂಗಳ 25 ದಿನಕ್ಕೆ 1,300 ದಾಟುತ್ತದೆ. ಜೊತೆಗೆ ಮಗುವಿನ ಮುಖಕ್ಕೆ ಲಾರಿಗಳ ಹೊಗೆ. ಆ 1,300ನ್ನು ಹತ್ತಿರದ, ಬೋರ್ಡಿಲ್ಲದ ಮನೆಗೆ ಹೆಚ್ಚಾಗಿ ಕೊಟ್ಟರೆ ಅಲ್ಲಿ ಏನೆಲ್ಲ ಸುಧಾರಿಸಬಹುದು!

ಕೈಗಳು

ಆ ಸುಧಾರಣೆಯನ್ನು ನಾವು ಮಾಡಿಯೇ ನೋಡಿದೆವು. ಕೊನೆಗೆ ನಾವು ಆರಿಸಿದ್ದು ಗಾಂಧಿನಗರದ ಕಡೆ ನಿವೃತ್ತ ಟೀಚರಮ್ಮ ಒಬ್ಬರು ನಡೆಸುವ ಮನೆ. ಹನ್ನೆರಡು ಮಕ್ಕಳು, ಬಹುತೇಕ ಮೂರರ ಒಳಗಿನವು, ಒಬ್ಬ ಆಯಮ್ಮ. ಬೇವಿನ ಗಿಡ, ಕಡಪ ಕಲ್ಲಿನ ನೆಲ ಎಲ್ಲ ಇತ್ತು. ಎರಡು ಸಲ ಒರೆಸುವುದು, ಲಂಗೋಟಿ ಒಗೆಯುವುದು ಬೇಕು ಎಂದಾಗ ಅವರು ನೇರವಾಗಿ ಹೇಳಿದರು: “ನೋಡಮ್ಮಾ, ಇರೋ ಒಬ್ಬಾಕಿ ಮಕ್ಕಳನ್ನ ಎತ್ತಿಕೊಳ್ಳಬೇಕೋ ಬಟ್ಟಿ ಒಗೀಬೇಕೋ? ಇನ್ನೊಬ್ಬಾಕಿ ಬೇಕು, ಅರ್ಧ ದಿನಕ್ಕ 9,000 ಆಗ್ತದ.” ಹನ್ನೆರಡು ಮನೆಯವರು ಒಂದು ಭಾನುವಾರ ಅಲ್ಲೇ ಕೂತು ಮಾತಾಡಿದೆವು. ತಲೆಗೆ 750. ಇಬ್ಬರಿಗೆ ಭಾರವಾಗುತ್ತಿತ್ತು, ಉಳಿದವರು ಹಂಚಿಕೊಂಡೆವು. ಮುಂದಿನ ತಿಂಗಳಿಂದ ನನ್ನ ಕರವಸ್ತ್ರ ತಿಳಿ ಕೆಂಪಿಗೇ ನಿಂತಿದೆ.

ಕೇಂದ್ರ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 2018ರಲ್ಲಿ ಶಿಶುಪಾಲನಾ ಕೇಂದ್ರಗಳಿಗೆ ಕೊಟ್ಟ ಮಾರ್ಗಸೂಚಿಯಲ್ಲಿ ಮೂರು ವರ್ಷದೊಳಗಿನ 10 ಮಕ್ಕಳಿಗೆ ಒಬ್ಬ ತರಬೇತಾದ ಕಾರ್ಯಕರ್ತೆ, ಮೇಲಿನ 20 ಮಕ್ಕಳಿಗೆ ಒಬ್ಬರು, ಜೊತೆಗೆ ಸಹಾಯಕಿ ಇರಬೇಕೆಂದಿದೆ. ಕೂಸುಗಳಿರುವ ಕಡೆ ಹತ್ತಕ್ಕೊಬ್ಬರೂ ಕಡಿಮೆಯೇ ಎಂದು ನನಗನಿಸುತ್ತದೆ. ಡೇಕೇರ್‌ಗೆ ಹೋದಾಗ ಆಯಮ್ಮನನ್ನೇ ಮಾತಾಡಿಸಿ: ಎಷ್ಟು ವರ್ಷದಿಂದ ಇದ್ದೀರಿ, ಮಧ್ಯಾಹ್ನ ನೀವು ಊಟ ಮಾಡುವಾಗ ಮಕ್ಕಳನ್ನು ಯಾರು ನೋಡುತ್ತಾರೆ, ಸಂಬಳ ತಿಂಗಳಿಗೆ ಸರಿಯಾಗಿ ಬರುತ್ತದೆಯೇ. ಶುಲ್ಕ ಏರಿಸಿಯೂ ಆಯಮ್ಮಂದಿರು ಆರು ತಿಂಗಳಿಗೊಮ್ಮೆ ಬದಲಾಗುವ ಜಾಗದಲ್ಲಿ ಮೇಲೆ ಬರೆದ ಯಾವುದೂ ಉಳಿಯುವುದಿಲ್ಲ.

ಯಾರಿಗೆ ಯಾವುದು

ಮಗು ಎರಡರ ಒಳಗಿದ್ದರೆ, ಮನೆಯಿಂದ ನಡೆದು ಹೋಗುವ ದೂರದ ನೆಲಮಟ್ಟದ ಮನೆ ಡೇಕೇರ್ ಆರಿಸಿ, ಹೆಚ್ಚಿನ ಹಣವನ್ನು ಇನ್ನೊಂದು ಜೊತೆ ಕೈಗೆ ಕೊಡಿ. ಉಬ್ಬಸದ ಮಗುವಾದರೆ ಮುಖ್ಯರಸ್ತೆಯ ಅಂಚನ್ನು ಬಿಟ್ಟು, ಎಸಿ, ಪ್ಯೂರಿಫೈಯರ್ ಇರುವ ಪ್ಲೇಸ್ಕೂಲು ದುಬಾರಿಯಾದರೂ ಸರಿ. ಮೂರು ದಾಟಿದ್ದರೆ, ಮನೆಯಲ್ಲಿ ಮಧ್ಯಾಹ್ನದ ನಂತರ ಯಾರಾದರೂ ಇದ್ದರೆ, ಅಂಗನವಾಡಿಯನ್ನು ಒಮ್ಮೆ ಒಳಗೆ ಹೋಗಿ ನೋಡಿ. ಉಳಿದ ಹಣ ಮಗುವಿನ ಹಾಲು ಹಣ್ಣಿಗಾಗುತ್ತದೆ. ಕೆಲಸದ ಜಾಗದಲ್ಲೇ ಕೇಂದ್ರ ಇದ್ದು, ಕಾರ್ಖಾನೆಯ ಚಿಮಣಿಗಳ ಆವರಣದೊಳಗೇ ಇದ್ದರೆ, ಎದೆಹಾಲು ಕುಡಿಯುವ ತನಕ ಅಲ್ಲಿರಲಿ, ಆಮೇಲೆ ಊರೊಳಗೆ ಬದಲಿಸಿ.

ಎಲ್ಲಿಯೇ ಸೇರಿಸಿದರೂ ಒಂದು ವರ್ಷದ ಹಣವನ್ನು ಒಟ್ಟಿಗೆ ಕಟ್ಟಬೇಡಿ. ತಿಂಗಳಿಂದ ತಿಂಗಳಿಗೆ ಕಟ್ಟುತ್ತೇವೆ ಎನ್ನಿ. ಜೂನ್‌ನಲ್ಲಿ ಸೇರಿಸಿದವರು ಮುಂದಿನ ಏಪ್ರಿಲ್‌ನ ಮಧ್ಯಾಹ್ನ ಎರಡೂವರೆಗೆ ಮತ್ತೊಮ್ಮೆ ಹೇಳದೆ ಹೋಗಿ ಬನ್ನಿ, ಕರವಸ್ತ್ರ ಜೊತೆಗಿರಲಿ.